ಬೆಂಗಳೂರಿನ ಮನೆಗೆ ಯಾವ ಸ್ಮಾರ್ಟ್ ಟ್ರೈನರ್ ಬಾಳಿಕೆ ಬರುತ್ತದೆ?

ಬೆಳಿಗ್ಗೆ ಐದೂವರೆ. ಹೊರಗೆ ಜಡಿಮಳೆ. ನಾನು ಹಾಲ್‌ನಲ್ಲಿ ಸೈಕಲ್ ಟ್ರೈನರ್ ಹತ್ತಿ ಹತ್ತು ನಿಮಿಷ ಆಗಿತ್ತು, ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೆಗೆದರೆ ಕೆಳಗಿನ ಮನೆಯ ಆಂಟಿ, ಶಾಲು ಹೊದ್ದು ನಿಂತಿದ್ದಾರೆ. ‘ಏನಪ್ಪಾ, ಇಷ್ಟೊತ್ತಿಗೇ ಗ್ರೈಂಡರ್ ಹಾಕಿದ್ದೀಯಾ? ನಮ್ಮ ಮಂಚ ಅದುರ್ತಾ ಇದೆ’ ಅಂದರು.

ಸ್ಮಾರ್ಟ್ ಟ್ರೈನರ್ ಅಂದರೆ ಸೈಕಲ್ಲನ್ನು ಮನೆಯೊಳಗೇ ಕೂರಿಸಿ ನಿಂತಲ್ಲೇ ತುಳಿಯುವ ಯಂತ್ರ, ಆ್ಯಪ್ ಹೇಳಿದ ಹಾಗೆ ಪೆಡಲಿನ ಭಾರ ಏರಿಸುತ್ತದೆ, ಇಳಿಸುತ್ತದೆ. ಆ ಟ್ರೈನರ್ ತೆಗೆದುಕೊಳ್ಳುವ ಮುಂಚೆ ನಾನು ಒಂದು ತಿಂಗಳು ಕೂತು ಓದಿದ್ದೆ. ಎಷ್ಟು ವ್ಯಾಟ್ (ಕಾಲು ಹಾಕುವ ಶಕ್ತಿಯ ಲೆಕ್ಕ) ತಡೆಯುತ್ತದೆ, ಎಷ್ಟು ಏರು ತೋರಿಸುತ್ತದೆ, ಲೆಕ್ಕ ಎಷ್ಟು ಕರಾರುವಾಕ್ಕು, ಎಲ್ಲಾ ಬಾಯಿಪಾಠ ಆಗಿತ್ತು. ಕೆಳಗಿನ ಮನೆಯವರ ನಿದ್ದೆ ಆ ಪಟ್ಟಿಯಲ್ಲಿ ಇರಲಿಲ್ಲ. ಕರೆಂಟ್ ಹೋದರೆ ಏನಾಗುತ್ತದೆ ಅನ್ನುವುದೂ ಇರಲಿಲ್ಲ. ಎಂಟು ತಿಂಗಳಿಗೆ ಅದು ಕೆಟ್ಟಾಗ ಯಾರ ಹತ್ತಿರ ಹೋಗಬೇಕು ಅನ್ನುವುದಂತೂ ಎಲ್ಲೂ ಇರಲಿಲ್ಲ. ಈಗ ನನ್ನ ಬಳಿ ಇರುವುದು ಎರಡನೆಯ ಟ್ರೈನರ್. ಅದನ್ನು ಆರಿಸುವಾಗ ನೋಡುವ ಕ್ರಮವನ್ನೇ ತಿರುಗಿಸಿದೆ. ಮೊದಲು ಮನೆ, ಆಮೇಲೆ ಸರ್ವಿಸ್, ಕೊನೆಗೆ ಅಂಕಿ ಅಂಶ. ಈ ಬರಹವೂ ಅದೇ ಕ್ರಮದಲ್ಲಿದೆ.

ಮೊದಲಿಗೆ, ಏನೇನು ಸಿಗುತ್ತದೆ

ಸ್ಮಾರ್ಟ್ ಟ್ರೈನರ್‌ನಲ್ಲಿ ಎರಡು ಜಾತಿ. ಒಂದು ವೀಲ್-ಆನ್. ಸೈಕಲ್‌ನ ಹಿಂದಿನ ಚಕ್ರ ಹಾಗೇ ಇರುತ್ತದೆ, ಟೈರ್ ಒಂದು ರೋಲರ್‌ಗೆ ಒತ್ತಿಕೊಂಡು ತಿರುಗುತ್ತದೆ. ಟ್ಯಾಕ್ಸ್ ಫ್ಲೋ, ವಾಹೂ ಕಿಕ್ಕರ್ ಸ್ನ್ಯಾಪ್ ಈ ಬಗೆಯವು. ಇನ್ನೊಂದು ಡೈರೆಕ್ಟ್ ಡ್ರೈವ್. ಇದರಲ್ಲಿ ಹಿಂದಿನ ಚಕ್ರ ಬಿಚ್ಚಿ, ಸೈಕಲ್ಲನ್ನು ನೇರವಾಗಿ ಟ್ರೈನರ್‌ಗೇ ಕೂರಿಸುತ್ತೇವೆ. ಕ್ಯಾಸೆಟ್, ಅಂದರೆ ಹಿಂದಿನ ಗೇರುಗಳ ಹಲ್ಲುಚಕ್ರಗಳ ಗೊಂಚಲು, ಟ್ರೈನರ್ ಮೇಲೇ ಇರುತ್ತದೆ. ವಾಹೂ ಕಿಕ್ಕರ್, ಕಿಕ್ಕರ್ ಕೋರ್, ಟ್ಯಾಕ್ಸ್ ನಿಯೋ, ಟ್ಯಾಕ್ಸ್ ಫ್ಲಕ್ಸ್, ಎಲೀಟ್ ಸುಯಿಟೊ, ಎಲೀಟ್ ಡಿರೆಟೊ, ಚೀನಾದ ಥಿಂಕ್‌ರೈಡರ್, ಮಜೀನ್ ಎಲ್ಲಾ ಈ ಗುಂಪಿಗೆ ಸೇರುತ್ತವೆ.

ಪೂರ್ತಿ ಸೈಕಲ್ಲಿನ ಹಾಗೇ ಇರುವ ಸ್ಮಾರ್ಟ್ ಬೈಕ್‌ಗಳೂ ಇವೆ. ಮನೆಯಲ್ಲಿ ಮೂರು ನಾಲ್ಕು ಜನ ತುಳಿಯುವವರಿದ್ದು, ಅದಕ್ಕಂತಲೇ ಒಂದು ಕೋಣೆ ಇದ್ದರೆ ಮಾತ್ರ ಅದರ ಯೋಚನೆ ಮಾಡಿ. ನಮ್ಮಂಥವರ ಮನೆಗೆ ಅದು ದೊಡ್ಡದಾಯಿತು.

ವೀಲ್-ಆನ್ ಅಗ್ಗ, ಹಗುರ. ಬೇಕಾದಾಗ ಮಡಚಿ ಮಂಚದ ಕೆಳಗೆ ತಳ್ಳಬಹುದು. ವಾರಕ್ಕೆ ಎರಡು ದಿನ, ಮಳೆ ಬಂದಾಗ ಮಾತ್ರ ತುಳಿಯುತ್ತೇನೆ ಅನ್ನುವವರಿಗೆ ಸಾಕು. ಆದರೆ ಟೈರ್ ಸವೆಯುತ್ತದೆ. ಕಪ್ಪು ಪುಡಿ ನೆಲದ ಮೇಲೆಲ್ಲಾ ಬೀಳುತ್ತದೆ. ಮೌಂಟನ್ ಬೈಕಿನಂಥ ಉಬ್ಬುತಗ್ಗಿನ ಟೈರ್ ಇದ್ದರಂತೂ ಸದ್ದು ತಡೆಯೋಕಾಗಲ್ಲ. ವ್ಯಾಟ್ ಲೆಕ್ಕವೂ ದಿನದಿಂದ ದಿನಕ್ಕೆ ಓಡಾಡುತ್ತದೆ. ಟೈರ್‌ನ ಗಾಳಿ ಎಷ್ಟಿದೆ, ರೋಲರ್ ಎಷ್ಟು ಒತ್ತಿದೆ, ಟೈರ್ ಎಷ್ಟು ಬಿಸಿಯಾಗಿದೆ, ಇವೆಲ್ಲದರ ಮೇಲೆ ಅದು ನಿಂತಿದೆ. ಪ್ರತಿ ಸಲ ಒಂದೇ ಗಾಳಿ ತುಂಬಿ, ಹತ್ತು ನಿಮಿಷ ತುಳಿದು ಬಿಸಿ ಮಾಡಿ, ಆಮೇಲೆ ಸ್ಪಿನ್‌ಡೌನ್ ಮಾಡಬೇಕು. ಅಂದರೆ ವೇಗಕ್ಕೆ ತಂದು ಕಾಲು ಬಿಟ್ಟು, ನಿಲ್ಲೋಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಆ್ಯಪ್ ಅಳೆಯುವುದು. ಇದನ್ನು ಬಿಟ್ಟರೆ ಹೋದ ವಾರದ 180 ವ್ಯಾಟ್‌ಗೂ ಈ ವಾರದ 180 ವ್ಯಾಟ್‌ಗೂ ಹೋಲಿಕೆ ಇರಲ್ಲ.

ನಾನು ಮೊದಲು ತಂದದ್ದೂ ವೀಲ್-ಆನ್. ಆಂಟಿಯ ಮಂಚ ಅದುರಿದ್ದು ಅದರಿಂದಲೇ.

ಸದ್ದು ಬೇರೆ, ಅದುರುವುದು ಬೇರೆ

ಇದು ನನಗೆ ತಡವಾಗಿ ಅರ್ಥವಾಯಿತು. ಕಂಪನಿಗಳು ಹೇಳುವ ಡೆಸಿಬೆಲ್ ಲೆಕ್ಕ ಕಿವಿಗೆ ಬೀಳುವ ಸದ್ದಿನದು. ಅದು ನಮ್ಮ ಕೋಣೆಯೊಳಗಿನ ಮಾತು. ಕೆಳಗಿನ ಮನೆಗೆ ಹೋಗುವುದು ನೆಲದ ಅದುರುವಿಕೆ. ಕೋಣೆಯಲ್ಲಿ ಚೈನಿನ ಸದ್ದು ಬಿಟ್ಟು ಬೇರೇನೂ ಕೇಳಿಸದಂಥ ಡೈರೆಕ್ಟ್ ಡ್ರೈವ್ ಟ್ರೈನರ್ ಕೂಡ ಮೋಲ್ಡಿನ ಮೂಲಕ ಕೆಳಗೆ ಗುಂಯ್‌ಗುಡಬಹುದು. ನಿಯೋ ತುಂಬಾ ಮೌನದ ಟ್ರೈನರ್ ಅಂತ ಹೆಸರಾದದ್ದು. ಆದರೆ ಅದರಲ್ಲಿ ಕಲ್ಲುಹಾಸು, ಮಣ್ಣು ರಸ್ತೆಯ ಅನುಭವ ಕೊಡುವ ಒಂದು ಸೌಲಭ್ಯ ಇದೆ. ಅದು ಬೇಕಂತಲೇ ಪೆಡಲ್ ಅದುರಿಸುತ್ತದೆ. ಮೇಲಿನ ಮಹಡಿಯಲ್ಲಿದ್ದರೆ ಮೊದಲು ಅದನ್ನು ಆಫ್ ಮಾಡಿ.

ಎರಡು ಕೆಲಸ ಮಾಡಿದ ಮೇಲೆ ನಮ್ಮ ಮನೆಯಲ್ಲಿ ತುಂಬಾ ವ್ಯತ್ಯಾಸವಾಯಿತು. ಮೊದಲನೆಯದು ಜಾಗ. ಹಾಲ್‌ನ ನಟ್ಟನಡುವೆ ಇಟ್ಟಿದ್ದೆ. ಮೋಲ್ಡ್ ಜಾಸ್ತಿ ಅದುರುವುದೇ ನಡುವಲ್ಲಿ. ಪಿಲ್ಲರ್ ಇರುವ ಮೂಲೆಗೆ, ಕೆಳಗೆ ಬೀಮ್ ಹಾದುಹೋಗಿರುವ ಜಾಗಕ್ಕೆ ತಳ್ಳಿದೆ. ಎರಡನೆಯದು ಹಾಸು. ಯೋಗ ಮ್ಯಾಟ್ ಹಾಕಿದರೆ ಟ್ರೈನರ್‌ನ ಕಾಲಿನ ಭಾರಕ್ಕೆ ಅದು ಅಪ್ಪಚ್ಚಿಯಾಗಿಬಿಡುತ್ತದೆ, ಏನೂ ತಡೆಯಲ್ಲ. ಜೆ.ಸಿ. ರೋಡ್‌ಗೆ ಹೋಗಿ ದಪ್ಪ ರಬ್ಬರ್ ಶೀಟ್ ಅಳತೆಗೆ ಕತ್ತರಿಸಿ ತಂದೆ. ಕೆಳಗೊಂದು ರಬ್ಬರ್, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಇನ್ನೊಂದು ರಬ್ಬರ್. ಪ್ಲೈವುಡ್ ಭಾರವನ್ನು ಅಗಲಕ್ಕೆ ಹರಡುತ್ತದೆ, ರಬ್ಬರ್ ಅದುರುವುದನ್ನು ನುಂಗುತ್ತದೆ. ಇಷ್ಟಾದ ಮೇಲೆ ಕೆಳಗಿನ ಮನೆಗೇ ಹೋಗಿ, ಆಂಟಿಯ ಪಕ್ಕ ನಿಂತು, ಮೇಲೆ ತಮ್ಮನಿಗೆ ತುಳಿಯೋಕೆ ಹೇಳಿ ಕೇಳಿಸಿಕೊಂಡೆ. ನೀವೂ ಹೀಗೆ ಮಾಡಿ ನೋಡಿ. ನಿಮ್ಮ ಕೋಣೆಯಲ್ಲಿ ಕೂತು ಇದು ಗೊತ್ತಾಗುವುದಿಲ್ಲ.

ಮನೆ ಮೇಲಿನ ಮಹಡಿಯಲ್ಲಿದ್ದು, ತುಳಿಯುವುದು ಬೆಳಗಿನ ಜಾವ ಆದರೆ, ವೀಲ್-ಆನ್ ಬೇಡ. ಗ್ರೌಂಡ್ ಫ್ಲೋರ್ ಆದರೆ ಅಡ್ಡಿಯಿಲ್ಲ.

ಕರೆಂಟ್ ಹೋದರೆ?

ಬೆಸ್ಕಾಂ ಎಷ್ಟೇ ಸುಧಾರಿಸಿದ್ದರೂ ಮಳೆಗಾಲದಲ್ಲಿ ಕೊಂಬೆ ಬಿದ್ದರೆ ಕರೆಂಟ್ ಹೋಗುತ್ತದೆ. ನಾವು ಟ್ರೈನರ್ ಜಾಸ್ತಿ ಬಳಸುವುದೂ ಮಳೆಗಾಲದಲ್ಲೇ ಅಲ್ವಾ?

ಹೆಚ್ಚಿನ ಸ್ಮಾರ್ಟ್ ಟ್ರೈನರ್‌ಗಳಲ್ಲಿ ಫ್ಲೈವೀಲ್ ಅನ್ನುವ ಒಂದು ಭಾರದ ಚಕ್ರ ಇರುತ್ತದೆ. ಅದರ ಪಕ್ಕದಲ್ಲಿ ತಂತಿ ಸುತ್ತಿದ ಕಾಯಿಲ್. ಕಾಯಿಲ್‌ಗೆ ಕರೆಂಟ್ ಹರಿದರೆ ಅದು ಅಯಸ್ಕಾಂತವಾಗಿ ಫ್ಲೈವೀಲನ್ನು ಹಿಡಿಯುತ್ತದೆ. ನಮ್ಮ ಕಾಲಿಗೆ ಸಿಗುವ ಭಾರ ಇದೇ. ಕರೆಂಟ್ ಹೋದರೆ ಹಿಡಿತ ಬಿಟ್ಟುಹೋಗುತ್ತದೆ. ಒಮ್ಮೆ ನಿಂತು ಜೋರಾಗಿ ತುಳಿಯುತ್ತಿದ್ದಾಗ ಹೀಗಾಯಿತು. ಪೆಡಲ್ ಸರ್ರನೆ ಜಾರಿ ಕೆಳಗಿಳಿದು, ಮೊಣಕಾಲು ಹೋಗಿ ಹ್ಯಾಂಡಲ್‌ಗೆ ಬಡಿಯಿತು. ಒಂದು ವಾರ ಮೆಟ್ಟಿಲು ಹತ್ತುವಾಗ ನೋವಿತ್ತು.

ಟ್ಯಾಕ್ಸ್ ನಿಯೋ ಇದರಲ್ಲಿ ಬೇರೆ. ಅದರಲ್ಲಿ ಬೆಲ್ಟ್ ಇಲ್ಲ, ಭಾರದ ಫ್ಲೈವೀಲೂ ಇಲ್ಲ. ನಿಯೋಡಿಮಿಯಮ್ ಅಯಸ್ಕಾಂತಗಳ ಒಂದು ದೊಡ್ಡ ಮೋಟಾರೇ ಎಲ್ಲಾ ಕೆಲಸ ಮಾಡುತ್ತದೆ. ನಾವು ತುಳಿದರೆ ಅದೇ ತನಗೆ ಬೇಕಾದ ಕರೆಂಟ್ ಮಾಡಿಕೊಳ್ಳುತ್ತದೆ. ಪ್ಲಗ್ ಇಲ್ಲದೆಯೂ ಓಡುತ್ತದೆ. ಇಳಿಜಾರಿನಲ್ಲಿ ಚಕ್ರ ತಾನಾಗಿಯೇ ಓಡುವ ಅನುಭವ ಮಾತ್ರ ಸಿಗಲ್ಲ, ಅದಕ್ಕೆ ಪ್ಲಗ್ ಬೇಕು. ಬೆಲ್ಟ್ ಇಲ್ಲದ ಕಾರಣ ಸವೆಯುವ ಭಾಗವೂ ಕಮ್ಮಿ, ಕ್ಯಾಲಿಬ್ರೇಷನ್ ಮಾಡುವ ಕೆಲಸವೂ ಇಲ್ಲ. ಮೇಲಿಂದ ಮೇಲೆ ಕರೆಂಟ್ ಹೋಗುವ ಕಡೆ ಮನೆ ಇದ್ದು, ದುಡ್ಡಿಗೆ ತೊಂದರೆ ಇಲ್ಲ ಅಂದರೆ ನಾನು ನಿಯೋ ಕಡೆಗೇ ಕೈ ತೋರಿಸುತ್ತೇನೆ.

ಉಳಿದವರಿಗೆ ಇನ್ವರ್ಟರ್ ಇದ್ದೇ ಇದೆ. ಟ್ರೈನರ್ ಎಳೆಯುವ ಕರೆಂಟ್ ಜಾಸ್ತಿ ಏನಲ್ಲ, ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿದರೆ ಗೊತ್ತಾಗುತ್ತದೆ. ತೊಂದರೆ ಇರುವುದು ಬದಲಾಗುವ ಆ ಕ್ಷಣದಲ್ಲಿ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವಷ್ಟರಲ್ಲಿ ಟ್ರೈನರ್ ಆಫ್ ಆಗಿ ಆನ್ ಆಗಬಹುದು. ತುಂಬಾ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದಕ್ಕೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಟ್ರೈನರ್ ಪಾಯಿಂಟ್, ವೈಫೈ ರೂಟರ್ ಪಾಯಿಂಟ್ ಎರಡೂ ಇನ್ವರ್ಟರ್ ಲೈನಿನಲ್ಲಿವೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಕೆಟ್ಟರೆ ಯಾರು ನೋಡುತ್ತಾರೆ?

ಇದೇ ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಟ್ರೈನರ್ ಅಂದರೆ ಭಾರ ಹೊತ್ತು ತಿರುಗುವ ಯಂತ್ರ. ಜೊತೆಗೆ ಎಲೆಕ್ಟ್ರಾನಿಕ್ಸ್. ಮೇಲೆ ಬೆವರಿನ ಉಪ್ಪು ನೀರು. ಯಾವ ಕಂಪನಿಯದಾದರೂ ಕೆಡಬಹುದು. ಕೆಡುವುದು ಸಾಮಾನ್ಯವಾಗಿ ಬೇರಿಂಗ್, ಬೆಲ್ಟ್, ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ), ಸೆನ್ಸರ್, ಅಡಾಪ್ಟರ್ ಇವುಗಳಲ್ಲಿ ಒಂದು. ಬೇರಿಂಗ್ ಇಲ್ಲೇ ಸಿಗಬಹುದು. ಸರ್ಕ್ಯೂಟ್ ಬೋರ್ಡ್ ಕಂಪನಿಯಿಂದಲೇ ಬರಬೇಕು.

ನನ್ನ ಮೊದಲ ಟ್ರೈನರನ್ನು ಚಿಕ್ಕಪ್ಪನ ಮಗ ಅಮೆರಿಕದಿಂದ ಬರುವಾಗ ತಂದುಕೊಟ್ಟಿದ್ದ. ಇಲ್ಲಿಗಿಂತ ಅಗ್ಗ ಸಿಕ್ಕಿತ್ತು. ಎಂಟನೇ ತಿಂಗಳಲ್ಲಿ ಕಟಕಟ ಶುರುವಾಯಿತು, ಆಮೇಲೆ ಆ್ಯಪ್‌ನಲ್ಲಿ ಹೆಸರೇ ಕಾಣಿಸದಾಯಿತು. ಮೇಲ್ ಬರೆದೆ. ಮರ್ಯಾದೆಯಿಂದಲೇ ಉತ್ತರ ಬಂತು: ಕೊಂಡ ದೇಶದಲ್ಲಷ್ಟೇ ವಾರಂಟಿ, ಹಳೇ ಡಬ್ಬದಲ್ಲೇ ಪ್ಯಾಕ್ ಮಾಡಿ ಅಲ್ಲಿಗೇ ಕಳಿಸಿ. ಡಬ್ಬವನ್ನು ಮನೆ ಚಿಕ್ಕದು ಅಂತ ಬಂದ ವಾರವೇ ಗುಜರಿಗೆ ಹಾಕಿದ್ದೆವು. ಕೊರಿಯರ್ ಖರ್ಚು ಕೇಳಿದೆ, ಉಳಿಸಿದ್ದಕ್ಕಿಂತ ಜಾಸ್ತಿ. ಆ ಟ್ರೈನರ್ ಈಗಲೂ ಟೆರೇಸಿನ ರೂಮಿನಲ್ಲಿದೆ.

ಸಾಫ್ಟ್‌ವೇರ್ ಕೆಲಸದವರು ಪ್ರತಿ ಮನೆಗೊಬ್ಬರು ಇರುವ ಊರು ನಮ್ಮದು. ಹೊರಗಿನಿಂದ ತರಿಸುವ ಆಸೆ ಎಲ್ಲರಿಗೂ ಬರುತ್ತದೆ. ತರಿಸುವುದಾದರೆ ಮೂರು ವಿಷಯ ನೋಡಿ. ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದೆಯಾ ನೋಡಿ, ಬರೀ 110 ಇದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಹೋಗುತ್ತದೆ. ಆಮೇಲೆ ತೂಕ. ಕಿಕ್ಕರ್ ಕೋರ್ ಸುಮಾರು 18 ಕೆ.ಜಿ., ನಿಯೋ 2ಟಿ ಸುಮಾರು 21 ಕೆ.ಜಿ. ವಿಮಾನದಲ್ಲಿ ಒಂದು ಬ್ಯಾಗಿಗೆ ಸಾಮಾನ್ಯವಾಗಿ ಸಿಗುವುದೇ 23 ಕೆ.ಜಿ. ತರುವವರ ಒಂದು ಬ್ಯಾಗು ಹೆಚ್ಚು ಕಮ್ಮಿ ನಿಮ್ಮ ಟ್ರೈನರ್‌ಗೇ ಹೋಯಿತು. ಕಸ್ಟಮ್ಸ್ ಲೆಕ್ಕ ಬೇರೆ.

ಇಲ್ಲೇ ಕೊಳ್ಳುವುದಾದರೆ ಅಂಗಡಿಯವರಿಗೆ ಒಂದೇ ಮಾತು ಕೇಳಿ: ‘ಸರ್, ಇದು ಆರು ತಿಂಗಳಿಗೆ ನಿಂತುಹೋದರೆ ನಾನು ನಿಮ್ಮ ಅಂಗಡಿಗೆ ತರಬಹುದಾ, ನೀವೇ ಕಂಪನಿಗೆ ಕಳಿಸ್ತೀರಾ?’ ‘ತನ್ನಿ ಸರ್, ನಾವು ನೋಡ್ಕೋತೀವಿ’ ಅಂದವರ ಹತ್ತಿರ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ. ‘ಆನ್‌ಲೈನ್‌ನಲ್ಲಿ ಕಂಪ್ಲೇಂಟ್ ಹಾಕ್ಕೊಳ್ಳಿ’ ಅಂದರೆ ಯೋಚನೆ ಮಾಡಿ. ಟ್ಯಾಕ್ಸ್ ಕಂಪನಿಯನ್ನು 2019ರಲ್ಲಿ ಗಾರ್ಮಿನ್ ಕೊಂಡುಕೊಂಡಿತು. ಹಾಗಾಗಿ ಟ್ಯಾಕ್ಸ್ ಮೇಲೆ ಕಣ್ಣಿದ್ದರೆ ಗಾರ್ಮಿನ್‌ನವರ ಹತ್ತಿರ ಟ್ರೈನರ್ ಸರ್ವಿಸ್ ಬಗ್ಗೆಯೇ ನೇರವಾಗಿ ವಿಚಾರಿಸಿ, ವಾಚಿನ ಸರ್ವಿಸ್ ಇದೆ ಅಂದ ಮಾತ್ರಕ್ಕೆ ಇದೂ ಇದೆ ಅಂದುಕೊಳ್ಳಬೇಡಿ.

ಅಂಕಿಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು

ಕರಾರುವಾಕ್ಕು ಎಷ್ಟು ಬೇಕು? ನಿಯೋ 2ಟಿ, ದೊಡ್ಡ ಕಿಕ್ಕರ್‌ಗಳಲ್ಲಿ ಲೆಕ್ಕ ತಪ್ಪಬಹುದಾದದ್ದು ಶೇ 1. ಕಿಕ್ಕರ್ ಕೋರ್ ಶೇ 2. ಸುಯಿಟೊ ಶೇ 2.5. ವೀಲ್-ಆನ್ ಸಾಮಾನ್ಯವಾಗಿ ಶೇ 3ರಿಂದ 5. ನೀವು 200 ವ್ಯಾಟ್ ತುಳಿಯುತ್ತಿದ್ದೀರಿ ಅಂದುಕೊಳ್ಳಿ. ಶೇ 1 ಆದರೆ 198ರಿಂದ 202. ಶೇ 2 ಆದರೆ 196ರಿಂದ 204. ಈ ಎರಡರ ನಡುವಿನ ವ್ಯತ್ಯಾಸ ರಾತ್ರಿ ಸರಿಯಾಗಿ ನಿದ್ದೆ ಬರದಿದ್ದರೆ ನಮ್ಮ ಕಾಲೇ ಕೊಡುವ ವ್ಯತ್ಯಾಸಕ್ಕಿಂತ ಕಮ್ಮಿ. ಶೇ 5 ಆದಾಗ 190ರಿಂದ 210, ಅದು ಗೊತ್ತಾಗುತ್ತದೆ. ಶೇ 2ರವರೆಗೆ ದುಡ್ಡು ಕೊಡಿ, ಅದರ ಕೆಳಗೆ ರೇಸ್ ಮಾಡುವವರು ಮಾತ್ರ ತಲೆ ಕೆಡಿಸಿಕೊಳ್ಳಲಿ.

ಏರು. ಕೋರ್ ಶೇ 16, ದೊಡ್ಡ ಕಿಕ್ಕರ್ ಶೇ 20, ನಿಯೋ 2ಟಿ ಶೇ 25 ಅಂತ ಬರೆದಿರುತ್ತಾರೆ. ಇಲ್ಲಿ ಒಂದು ಗುಟ್ಟಿದೆ. ಟ್ರೈನರ್ ಜೊತೆ ಬಳಸುವ ಝ್ವಿಫ್ಟ್ ಅನ್ನುವ ಆ್ಯಪ್‌ನಲ್ಲಿ ‘ಟ್ರೈನರ್ ಡಿಫಿಕಲ್ಟಿ’ ಅಂತ ಒಂದು ಸೆಟ್ಟಿಂಗ್ ಇದೆ. ನಾವು ಮುಟ್ಟದಿದ್ದರೆ ಅದು ಅರ್ಧಕ್ಕಿರುತ್ತದೆ. ತೆರೆಯ ಮೇಲೆ ಶೇ 12 ಏರು ಬಂದರೆ ಕಾಲಿಗೆ ಸಿಗುವುದು ಶೇ 6. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಉಸಿರು ಕಟ್ಟಿದವರಿಗೂ ಶೇ 16 ಧಾರಾಳವಾಯಿತು. ಶೇ 25ಕ್ಕಂತ ಸುಮ್ನೆ ದುಡ್ಡು ಸುರಿಯಬೇಡಿ.

ಗರಿಷ್ಠ ವ್ಯಾಟ್ ಕಥೆಯೂ ಇಷ್ಟೇ. ಕೋರ್ 1,800, ಕಿಕ್ಕರ್ ಮತ್ತು ನಿಯೋ 2,200. ನಮ್ಮ ಕಾಲು ಅದರ ಹತ್ತಿರಕ್ಕೂ ಹೋಗಲ್ಲ.

ಇನ್ನು ನಿಜಕ್ಕೂ ನೋಡಬೇಕಾದದ್ದು ನಿಮ್ಮ ಸೈಕಲ್ ಅದರ ಮೇಲೆ ಕೂರುತ್ತದಾ ಅನ್ನುವುದು. ಹಿಂದಿನ ಚಕ್ರ ಹಿಡಿದಿರುವುದು ಕ್ವಿಕ್ ರಿಲೀಸಾ (ಲಿವರ್ ಎಳೆದು ಬಿಚ್ಚುವ ತೆಳು ಕಡ್ಡಿ), ಥ್ರೂ ಆ್ಯಕ್ಸಲಾ (ತಿರುಗಿಸಿ ಹೊರಗೆ ತೆಗೆಯುವ ದಪ್ಪ ಕಂಬಿ)? ಥ್ರೂ ಆ್ಯಕ್ಸಲ್ ಆದರೆ ಅಳತೆ 142 ಮಿ.ಮೀ.ಯಾ, 148ಆ? ಅದಕ್ಕೆ ತಕ್ಕ ಆ್ಯಕ್ಸಲ್ ಅಡಾಪ್ಟರ್ ಡಬ್ಬದಲ್ಲಿ ಬರುತ್ತದಾ, ಬೇರೆ ಕೊಳ್ಳಬೇಕಾ? ಕ್ಯಾಸೆಟ್ ಜೊತೆಗೆ ಬರುತ್ತದಾ? ನಮ್ಮಲ್ಲಿ ತುಂಬಾ ಜನ ಓಡಿಸುವ ಕಡಿಮೆ ಬೆಲೆಯ 7 ಗೇರಿನ ಹೈಬ್ರಿಡ್‌ಗಳಲ್ಲಿ ಹಿಂದೆ ಇರುವುದು ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಫ್ರೀವೀಲ್. ಅದನ್ನು ಬಿಚ್ಚಿ ಟ್ರೈನರ್‌ಗೆ ಹಾಕೋಕೆ ಬರಲ್ಲ. ಬೇರೆ ಕ್ಯಾಸೆಟ್ಟೇ ಬೇಕು, ಅದು ಶಿಫ್ಟರ್‌ಗೆ ಹೊಂದುತ್ತದಾ ಅಂತ ಮೆಕ್ಯಾನಿಕ್ ನೋಡಬೇಕು. 8, 9, 10 ಗೇರಿನ ಕ್ಯಾಸೆಟ್ಟಿಗೆ ತೆಳ್ಳನೆಯ ಸ್ಪೇಸರ್ ಬಳೆ ಬೇಕಾಗುತ್ತದೆ, ಹಾಕದಿದ್ದರೆ ಕ್ಯಾಸೆಟ್ ಅಲ್ಲಾಡುತ್ತದೆ. ಈಗ ಬರುವ ಕೆಲವು ಟ್ರೈನರ್‌ಗಳಲ್ಲಿ ಕ್ಯಾಸೆಟ್ ಬದಲು ಝ್ವಿಫ್ಟ್ ಕಾಗ್ ಅಂತ ಒಂದೇ ಒಂದು ಹಲ್ಲುಚಕ್ರ ಇರುತ್ತದೆ. ಗೇರ್ ಬದಲಾಗುವುದು ಆ್ಯಪ್ ಒಳಗೆ, ಹ್ಯಾಂಡಲ್ ಮೇಲಿನ ಚಿಕ್ಕ ಬಟನ್‌ನಿಂದ. 8ರಿಂದ 12 ಗೇರಿನ ಸೈಕಲ್‌ಗಳಿಗೆಲ್ಲಾ ಅದೊಂದೇ ಸಾಕು. ಮನೆಯಲ್ಲಿ ಎರಡು ಬೇರೆ ಬೇರೆ ಸೈಕಲ್ ಇರುವವರಿಗೆ ಇದು ದೊಡ್ಡ ಅನುಕೂಲ.

ಸಂಪರ್ಕದ ಬಗ್ಗೆ ಒಂದು ಮಾತು. ಬ್ಲೂಟೂತ್, ಅದರಂಥದ್ದೇ ಇನ್ನೊಂದು ವೈರ್‌ಲೆಸ್ ಸಂಪರ್ಕವಾದ ಆ್ಯಂಟ್ ಪ್ಲಸ್ ಎರಡೂ ಇರಲಿ. ಹಳೇ ಟ್ರೈನರ್‌ಗಳು ಬ್ಲೂಟೂತ್‌ನಲ್ಲಿ ಒಂದು ಸಲಕ್ಕೆ ಒಬ್ಬರಿಗೇ ಸಿಗುತ್ತವೆ. ಫೋನಿನಲ್ಲಿ ಕಂಪನಿಯ ಆ್ಯಪ್ ತೆರೆದೇ ಇದ್ದರೆ ಲ್ಯಾಪ್‌ಟಾಪ್‌ಗೆ ಸಿಗಲ್ಲ. ‘ಟ್ರೈನರ್ ಕೆಟ್ಟಿದೆ’ ಅನ್ನುವ ಎಷ್ಟೋ ದೂರುಗಳ ಮೂಲ ಇದು.

ಹಾಗಾದರೆ ಯಾವುದು?

ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ತುಳಿಯುವ, ಬಾಡಿಗೆ ಮನೆಯಲ್ಲೋ ಅಪಾರ್ಟ್‌ಮೆಂಟ್‌ನಲ್ಲೋ ಇರುವ ಹೆಚ್ಚಿನವರಿಗೆ ನಡುವಿನ ಬೆಲೆಯ ಡೈರೆಕ್ಟ್ ಡ್ರೈವ್ ಸರಿ. ಕೋರ್, ಸುಯಿಟೊ, ಫ್ಲಕ್ಸ್ ಮೂರರಲ್ಲಿ ಯಾವುದಕ್ಕೆ ನಿಮ್ಮ ಅಂಗಡಿಯವರು ಹೊಣೆ ಹೊರುತ್ತಾರೋ ಅದು. ನಾನು ಕೋರ್ ತಗೊಂಡೆ. ಅದರ 5.4 ಕೆ.ಜಿ. ಫ್ಲೈವೀಲ್‌ನ ಓಟ ರಸ್ತೆಗೆ ಹತ್ತಿರ ಅನಿಸಿತು, ನನ್ನ ಸೈಕಲ್ ಮೆಕ್ಯಾನಿಕ್‌ಗೂ ಅದರ ಪರಿಚಯ ಇತ್ತು. ಈ ದರ್ಜೆಯ ಬೆಲೆ ಇಳಿದದ್ದಕ್ಕೂ ಒಂದು ಹಿನ್ನೆಲೆ ಇದೆ. 2022ರಲ್ಲಿ ಝ್ವಿಫ್ಟ್‌ನವರೇ ‘ಹಬ್’ ಅನ್ನುವ ಟ್ರೈನರನ್ನು 499 ಡಾಲರ್‌ಗೆ ತಂದರು. ವಾಹೂ ಕೋರ್ಟಿಗೆ ಹೋಯಿತು. 2023ರಲ್ಲಿ ಇಬ್ಬರೂ ರಾಜಿಯಾದ ಮೇಲೆ ಹಬ್ ಮಾರಾಟ ನಿಂತು, ಕೋರ್ ಝ್ವಿಫ್ಟ್ ಹೆಸರಿನ ಜೊತೆಗೇ ಬರತೊಡಗಿತು. ಈಗ ಯಾರಾದರೂ ಹಳೇ ಹಬ್ ಮಾರುತ್ತಿದ್ದರೆ ಬಿಡಿಭಾಗದ ಬಗ್ಗೆ ವಿಚಾರಿಸದೆ ಕೈ ಹಾಕಬೇಡಿ.

ಥಿಂಕ್‌ರೈಡರ್, ಮಜೀನ್ ಅಂಕಿ ಅಂಶದಲ್ಲಿ ಹಿಂದೆ ಬಿದ್ದಿಲ್ಲ. ಬೆಲೆಯೂ ಕಮ್ಮಿ. ಸರ್ವಿಸ್ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಧಾರಾಳವಾಗಿ ತಗೊಳ್ಳಿ.

ಬಜೆಟ್ ಹಾಕುವಾಗ ಟ್ರೈನರ್ ಒಂದಕ್ಕೇ ಹಾಕಬೇಡಿ. ಒಳ್ಳೇ ಪೆಡೆಸ್ಟಲ್ ಫ್ಯಾನ್ ಬೇಕೇ ಬೇಕು. ನಿಂತಲ್ಲೇ ತುಳಿದರೆ ಎದುರುಗಾಳಿ ಇರಲ್ಲ, ಬೆವರು ಧಾರೆಯಾಗಿ ಸುರಿಯುತ್ತದೆ. ಆ ಬೆವರು ಹ್ಯಾಂಡಲ್ ಟೇಪಿನೊಳಗೆ, ಹೆಡ್‌ಸೆಟ್ ಬೇರಿಂಗ್‌ಗೆ, ಟ್ರೈನರ್‌ನ ಮೇಲೆ ಇಳಿದು ತುಕ್ಕು ಹಿಡಿಸುತ್ತದೆ. ಹ್ಯಾಂಡಲ್ ಮೇಲೊಂದು ಟವಲ್, ಮುಗಿದ ಮೇಲೆ ಒಂದು ಸಲ ಒರೆಸುವುದು. ಬಾಲ್ಕನಿಯಲ್ಲಿ ಇಡಬೇಡಿ, ಮಳೆಯ ಎರಚಲು ಎಷ್ಟು ಕವರ್ ಹಾಕಿದರೂ ಒಳಗೆ ಹೋಗುತ್ತದೆ. ಆ್ಯಪ್ ಖರ್ಚೂ ಸೇರಿಸಿ. ಝ್ವಿಫ್ಟ್‌ಗೆ ತಿಂಗಳಿಗಿಷ್ಟು ಅಂತ ಕಟ್ಟಬೇಕು. ಅಂಥದ್ದೇ ಇನ್ನೊಂದು ಆ್ಯಪ್ ಮೈವೂಶ್‌ಗೆ ದುಡ್ಡಿಲ್ಲ. ಮೊದಲ ಆರು ತಿಂಗಳು ಮೈವೂಶ್‌ನಲ್ಲೇ ತುಳಿದು ನೋಡಿ ಅನ್ನುವುದು ನನ್ನ ಸಲಹೆ.

ಸೆಕೆಂಡ್ ಹ್ಯಾಂಡ್ ಆದರೆ

ಲಾಕ್‌ಡೌನ್ ಕಾಲದಲ್ಲಿ ಕೊಂಡು ಮೂಲೆಗಿಟ್ಟವರು ಊರಿನಲ್ಲಿ ಸಾಕಷ್ಟಿದ್ದಾರೆ. ಒಳ್ಳೇ ಮಾಲು ಸಿಗುತ್ತದೆ. ಆದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ. ನಿಮ್ಮ ಸೈಕಲ್ಲನ್ನೇ ತಗೊಂಡು ಅವರ ಮನೆಗೆ ಹೋಗಿ. ಮೊದಲು ಫ್ರೀಹಬ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಲೂಸ್ ಇರಬಾರದು. ಕೈಯಲ್ಲಿ ಫ್ಲೈವೀಲ್ ತಿರುಗಿಸಿ ಕಿವಿ ಹತ್ತಿರ ಇಡಿ. ಸಣ್ಣಗೆ ಒಂದೇ ಸಮ ಸುಯ್ ಅಂದರೆ ಸರಿ. ಜರ್‌ಜರ್ ಅಂದರೆ ಬೇರಿಂಗ್ ಹೋಗಿದೆ. ಸ್ಕ್ರೂಗಳ ತಲೆಯಲ್ಲಿ ತುಕ್ಕಿದ್ದರೆ ಒಳಗೂ ಬೆವರು ಇಳಿದಿರುತ್ತದೆ. ಕರೆಂಟಿನ ಅಡಾಪ್ಟರ್ ಕಂಪನಿಯದೇನಾ ನೋಡಿ. ನಿಮ್ಮ ಫೋನಿನಲ್ಲೇ ಜೋಡಿಸಿ, ಇಪ್ಪತ್ತು ನಿಮಿಷ ತುಳಿಯಿರಿ. ಅರ್ಗ್ ಮೋಡ್‌ನಲ್ಲಿ (ಕಾಲಿನ ವೇಗ ಎಷ್ಟೇ ಇರಲಿ, ವ್ಯಾಟ್ ಒಂದೇ ಇಡುವ ವಿಧಾನ) 150 ವ್ಯಾಟ್‌ಗೆ ಹಾಕಿ ಕಾಲಿನ ವೇಗ ಹೆಚ್ಚು ಕಮ್ಮಿ ಮಾಡಿ. ನಿಧಾನ ಮಾಡಿದರೆ ಭಾರ ಏರಬೇಕು, ವೇಗ ಮಾಡಿದರೆ ಇಳಿಯಬೇಕು. ಬಿಸಿಯಾದ ಮೇಲೆ ಸಂಪರ್ಕ ಕಡಿದುಹೋದರೆ ಬೋರ್ಡ್ ಸರಿ ಇಲ್ಲ. ನಮಸ್ಕಾರ ಹೇಳಿ ಬಂದುಬಿಡಿ.

ಬಿಲ್ಲು, ಡಬ್ಬ ಎರಡೂ ಇದೆಯಾ ಕೇಳಿ. ಹೊಸದು ಕೊಂಡರೂ ಡಬ್ಬವನ್ನು ಒಳಗಿನ ಥರ್ಮೋಕೋಲ್ ಸಮೇತ ಇಟ್ಟುಕೊಳ್ಳಿ. 18 ಕೆ.ಜಿ. ಕಬ್ಬಿಣವನ್ನು ಬೇರೆ ಪೆಟ್ಟಿಗೆಯಲ್ಲಿ ಕೊರಿಯರ್‌ಗೆ ಕೊಟ್ಟರೆ ದಾರಿಯಲ್ಲೇ ಕಾಲು ಮುರಿದು ತಲುಪುತ್ತದೆ. ನನ್ನ ಕೋರ್ ಡಬ್ಬ ಅಡುಗೆಮನೆಯ ಸಜ್ಜದ ಮೇಲೆ, ದೊಡ್ಡ ಇಡ್ಲಿ ಪಾತ್ರೆಯ ಪಕ್ಕದಲ್ಲಿದೆ. ಬಿಲ್ಲನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಅದರೊಳಗೇ ಅಂಟಿಸಿದ್ದೇನೆ.